ತಿಥಿ ಮುಗಿದ ಮೇಲೆ ಬರುವ ಪ್ರಶ್ನೆ: ಪರಿಹಾರದ ಅರ್ಜಿಗೆ ಯಾರ ಸಹಿ?

ಹನ್ನೊಂದನೆಯ ದಿನದ ತಿಥಿ ಊಟ ಮುಗಿದು ದೂರದ ನೆಂಟರು ಬಸ್ಸು ಹಿಡಿಯಲು ಹೊರಟ ಮೇಲೆ, ಜಗಲಿಯಲ್ಲಿ ಉಳಿದ ನಾಲ್ಕೈದು ಜನರ ನಡುವೆ ಒಂದು ಮಾತು ಏಳುತ್ತದೆ: ‘ಕೇಸು ಯಾರ ಹೆಸರಿನಲ್ಲಿ ಹಾಕುವುದು?’ ಹೆಂಡತಿಗೆ ಇನ್ನೂ ಮಾತೇ ಹೊರಡುತ್ತಿರುವುದಿಲ್ಲ. ಅಣ್ಣನಾದವನು, ‘ಓಡಾಡುವವನು ನಾನೇ ಅಲ್ಲವೇ, ನನ್ನ ಹೆಸರಿನಲ್ಲೇ ಇರಲಿ’ ಎನ್ನುತ್ತಾನೆ. ಮದುವೆಯಾಗಿ ಅರಕಲಗೂಡಿಗೆ ಹೋದ ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಹಾಸನದಲ್ಲಿ ವಕೀಲಿಕೆ ಮಾಡುವ ನನಗೆ ಈ ಜಗಲಿ ಮಾತಿನ ಮುಂದುವರಿದ ಭಾಗ ಮೇಜಿನ ಎದುರು ಎಷ್ಟೋ ಸಲ ಸಿಕ್ಕಿದೆ.

ಅಮೆರಿಕದಲ್ಲಿ ಇಂಥದ್ದಕ್ಕೆ ‘ರಾಂಗ್‌ಫುಲ್ ಡೆತ್’ ದಾವೆ ಎಂಬ ಹೆಸರಿದೆ. ನಮ್ಮಲ್ಲಿ ಆ ಹೆಸರಿನ ಕಾಯ್ದೆ ಇಲ್ಲ. ಬೇರೊಬ್ಬರ ತಪ್ಪಿನಿಂದ ಆದ ಸಾವಿಗೆ ಪರಿಹಾರ ಕೇಳಲು ಇಲ್ಲಿರುವುದು ಒಂದು ಬಾಗಿಲಲ್ಲ, ಹಲವು. ಸಾವು ಹೇಗಾಯಿತು ಎಂಬುದು ಬಾಗಿಲನ್ನು ಗೊತ್ತುಮಾಡುತ್ತದೆ. ಪ್ರತಿ ಬಾಗಿಲಿನಲ್ಲೂ ‘ಕುಟುಂಬ’ ಎಂದರೆ ಯಾರು ಎಂಬ ಲೆಕ್ಕ ಬೇರೆ. ಒಂದು ಕಡೆ ಒಳಗೆ ಬಿಟ್ಟವರನ್ನು ಇನ್ನೊಂದು ಕಡೆ ಹೊರಗೇ ನಿಲ್ಲಿಸುತ್ತಾರೆ. ಗೊಂದಲದ ಬೇರು ಇದೇ.

ಬೇಲೂರು ತಾಲ್ಲೂಕಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನನಿಗೆ 48 ವರ್ಷ. ಕಾಫಿ ತೋಟವೊಂದರಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು), ಮೆಣಸು ಕೊಯ್ಲು ಎಂದು ದುಡಿಯುತ್ತಾನೆ; ತಿಂಗಳಿಗೆ 15,000 ರೂಪಾಯಿ. ಹೆಂಡತಿ, ಪದವಿ ಓದುತ್ತಿರುವ 20 ವರ್ಷದ ಮಗ, ಮದುವೆಯಾಗಿ ಹೋದ ಮಗಳು, ವಿಧವೆ ತಾಯಿ. ಜೊತೆಗೆ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಇವನ ಅನ್ನ ಉಣ್ಣುತ್ತಿರುವ ತಂಗಿ. ಬೇರೆ ಮನೆ ಮಾಡಿಕೊಂಡಿರುವ ಅಣ್ಣನೊಬ್ಬ ಇದ್ದೇ ಇರುತ್ತಾನೆ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಕಣ್ಣಿಡಬೇಕಾದದ್ದು ಆ ತಂಗಿಯ ಮೇಲೆ.

ಮೊದಲು ರಸ್ತೆ. ಇವನ ಬೈಕಿಗೆ ಲಾರಿ ಗುದ್ದಿತು ಎಂದುಕೊಳ್ಳಿ. ಕೇಸು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ಇಲ್ಲಿನ ಬಾಯಲ್ಲಿ ಇದು ‘ಎಂವಿಸಿ ಕೇಸು’. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಮೃತನ ‘ಕಾನೂನುಬದ್ಧ ಪ್ರತಿನಿಧಿಗಳು’ ಎಲ್ಲರೂ ಸೇರಿ ಅಥವಾ ಅವರಲ್ಲಿ ಕೆಲವರು ಅರ್ಜಿ ಹಾಕಬಹುದು. ಕಾಯ್ದೆ ಈ ಪದಕ್ಕೆ ಅರ್ಥ ಕೊಡುವ ಗೋಜಿಗೆ ಹೋಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ಸಾಲ ತಂದ ಅರ್ಥ ಇಷ್ಟು: ಸತ್ತವನ ಆಸ್ತಿಯನ್ನು, ಅವನು ಬಿಟ್ಟುಹೋದದ್ದನ್ನು ಪ್ರತಿನಿಧಿಸುವವರು. ನ್ಯಾಯಾಲಯಗಳು ಇದನ್ನು ವರ್ಷದಿಂದ ವರ್ಷಕ್ಕೆ ಅಗಲ ಮಾಡುತ್ತಲೇ ಬಂದಿವೆ.

1987ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಸತ್ತವನ ಸಹೋದರರೂ ಪರಿಹಾರ ಕೇಳಬಹುದು ಎಂದಿತು. ಭಾರತದ ಕುಟುಂಬದಲ್ಲಿ ಅಣ್ಣತಮ್ಮಂದಿರು, ಅವರ ಮಕ್ಕಳು, ಕೆಲವೊಮ್ಮೆ ಸಾಕುಮಕ್ಕಳು ಕೂಡ ದುಡಿಯುವವನೊಬ್ಬನನ್ನು ನಂಬಿ ಬದುಕುತ್ತಾರೆ ಎಂಬುದು ಅದರ ತರ್ಕ. 2007ರಲ್ಲಿ, ತಂದೆಯನ್ನು ಅವಲಂಬಿಸದ ವಿವಾಹಿತ ಮಗಳಿಗೂ ಅರ್ಜಿ ಹಾಕುವ ಹಕ್ಕಿದೆ ಎಂದಿತು. 2014ರಲ್ಲಿ ಇನ್ನೂ ಒಂದು ಹೆಜ್ಜೆ: ಮದುವೆ ಮಕ್ಕಳಿಲ್ಲದ ಕ್ರೈಸ್ತ ಸಂನ್ಯಾಸಿಯ ಸಾವಿಗೆ, ಅವನ ದುಡಿಮೆ ಸೇರುತ್ತಿದ್ದ ಧಾರ್ಮಿಕ ಸಂಸ್ಥೆಯೇ ಪರಿಹಾರ ಕೇಳಬಹುದು ಎಂದಿತು. 2020ರಲ್ಲಿ ಮದುವೆಯಾಗಿ ಸ್ವಂತ ದುಡಿಮೆ ಇರುವ ಗಂಡುಮಕ್ಕಳಿಗೂ, 2021ರಲ್ಲಿ ಅಳಿಯನ ಜೊತೆಯಲ್ಲೇ ಇದ್ದ ಅತ್ತೆಗೂ ಬಾಗಿಲು ತೆರೆಯಿತು. ನಮ್ಮ ಕರ್ನಾಟಕ ಹೈಕೋರ್ಟು 2022ರಲ್ಲಿ ಬಿಡಿಸಿಯೇ ಹೇಳಿತು: ಪರಿಹಾರದ ವಿಷಯದಲ್ಲಿ ಮದುವೆಯಾದ ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು ಎಂದು ನ್ಯಾಯಾಲಯ ಭೇದ ಮಾಡಲಾಗದು.

ಅಲ್ಲಿಗೆ ಅರಕಲಗೂಡಿನ ಮಗಳು ಬಾಗಿಲ ಹಿಂದಿನಿಂದ ಈಚೆ ಬರಬಹುದು. ತವರಿನಲ್ಲಿರುವ ತಂಗಿಯೂ ಬರಬಹುದು. ಆದರೆ ಅಣ್ಣ? ಹೆಂಡತಿ ಮಕ್ಕಳು ತಾಯಿ ಎಲ್ಲರೂ ಇರುವಾಗ, ಬೇರೆ ಸಂಸಾರ ಮಾಡಿಕೊಂಡಿರುವ ಅಣ್ಣ ತನ್ನೊಬ್ಬನ ಹೆಸರಿನಲ್ಲಿ ಅರ್ಜಿ ಹಾಕಿದರೆ ಅದು ನಿಲ್ಲುವುದು ಕಷ್ಟ. ಓಡಾಡಲಿ, ಕಾಗದ ಪತ್ರ ತರಲಿ, ಸಾಕ್ಷಿ ಹೇಳಲಿ. ಅರ್ಜಿದಾರನ ಜಾಗ ಅವನದಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟವನು ತಾನು, ಆದ್ದರಿಂದ ಕೇಸೂ ತನ್ನದೇ ಎಂದು ನಂಬಿದ ಅಣ್ಣಂದಿರನ್ನು ಬೇಕಾದಷ್ಟು ನೋಡಿದ್ದೇನೆ. ದೂರು ದಾರಿಹೋಕನೂ ಕೊಡಬಹುದು. ಅದು ಚಾಲಕನ ಮೇಲಿನ ಕ್ರಿಮಿನಲ್ ಪ್ರಕರಣದ ಆರಂಭ ಅಷ್ಟೇ. ಪರಿಹಾರದ ಹಕ್ಕು ಅದರಿಂದ ಹುಟ್ಟುವುದಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಅರ್ಜಿ ಹಾಕುವ ಹಕ್ಕು ಬೇರೆ, ಹಣ ಸಿಗುವ ಹಕ್ಕು ಬೇರೆ. ವಾರಸುದಾರರೆಂದು ಐದು ಜನ ಸಹಿ ಹಾಕಿದರೂ, ಹಂಚಿಕೆಯ ಹೊತ್ತಿಗೆ ನ್ಯಾಯಮಂಡಳಿ ನೋಡುವುದು ಯಾರು ಎಷ್ಟರಮಟ್ಟಿಗೆ ಸತ್ತವನನ್ನು ನಂಬಿದ್ದರು ಎಂಬುದನ್ನು. ಚೆನ್ನಾಗಿ ಬಾಳುತ್ತಿರುವ ಮಗಳಿಗೆ ಕಡಿಮೆ ಪಾಲು ಬರಬಹುದು, ತಾಯಿಗೆ ಹೆಚ್ಚು. ಜೀವವಿಮೆಯಲ್ಲಿ ನಾಮಿನಿ ಎಂದು ಯಾರ ಹೆಸರಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಾರಸುದಾರ, ಅವಲಂಬಿತ, ನಾಮಿನಿ ಈ ಮೂವರೂ ಒಬ್ಬರೇ ಆಗಿರಬೇಕಿಲ್ಲ. ಜಗಲಿಯ ಜಗಳಗಳಲ್ಲಿ ಅರ್ಧದಷ್ಟು ಈ ಮೂರನ್ನು ಕಲಸಿಕೊಂಡದ್ದರಿಂದಲೇ ಹುಟ್ಟಿರುತ್ತವೆ.

ಯಾರನ್ನು ಪಟ್ಟಿಗೆ ಸೇರಿಸುತ್ತೀರಿ ಎಂಬುದು ಒಟ್ಟು ಮೊತ್ತವನ್ನೇ ಬದಲಿಸುತ್ತದೆ ಎಂದರೆ ಹಲವರು ನಂಬುವುದಿಲ್ಲ. ಲೆಕ್ಕ ಹಾಕಿಯೇ ತೋರಿಸುತ್ತೇನೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳು ಇದಕ್ಕೆ ಸೂತ್ರ ಕೊಟ್ಟಿವೆ. ನಮ್ಮ ಯಜಮಾನನ 15,000ಕ್ಕೆ, ಮುಂದೆ ಹೆಚ್ಚಬಹುದಾಗಿದ್ದ ದುಡಿಮೆಯೆಂದು ಶೇಕಡಾ 25 ಸೇರಿಸಬೇಕು. 40ರಿಂದ 50ರ ವಯಸ್ಸಿನ, ಕಾಯಂ ನೌಕರಿ ಇಲ್ಲದವರಿಗೆ ಈ ದರ. ಆಗ 18,750. ಬದುಕಿದ್ದರೆ ಅವನು ತನಗಾಗಿಯೇ ಖರ್ಚು ಮಾಡುತ್ತಿದ್ದ ಭಾಗವನ್ನು ಇದರಲ್ಲಿ ಕಳೆಯಬೇಕು. ವಿವಾಹಿತನ ಅವಲಂಬಿತರು ಇಬ್ಬರು ಅಥವಾ ಮೂವರಾದರೆ ಮೂರನೆಯ ಒಂದು ಭಾಗ, ನಾಲ್ಕರಿಂದ ಆರು ಮಂದಿಯಾದರೆ ನಾಲ್ಕನೆಯ ಒಂದು ಭಾಗ. ಹೆಂಡತಿ, ಓದುವ ಮಗ, ತಾಯಿ ಎಂದು ಮೂವರನ್ನಷ್ಟೇ ತೋರಿಸಿದರೆ ಉಳಿಯುವುದು ತಿಂಗಳಿಗೆ 12,500. ವರ್ಷಕ್ಕೆ ಹನ್ನೆರಡು ತಿಂಗಳು, 46ರಿಂದ 50ರ ವಯಸ್ಸಿಗೆ ಗುಣಕ (ವರ್ಷದ ಮೊತ್ತವನ್ನು ಗುಣಿಸಬೇಕಾದ ಅಂಕಿ) 13. ಒಟ್ಟು 19,50,000 ರೂಪಾಯಿ. ತಂಗಿಯೂ ಇವನನ್ನೇ ನಂಬಿದ್ದಳು ಎಂದು ಪುರಾವೆ ಸಮೇತ ತೋರಿಸಿದರೆ ಅವಲಂಬಿತರು ನಾಲ್ವರಾಗುತ್ತಾರೆ, ಕಡಿತ ತಗ್ಗುತ್ತದೆ, ಮೊತ್ತ 21,93,750ಕ್ಕೆ ಏರುತ್ತದೆ. ಪಾಲು ಕೇಳುತ್ತಾಳೆಂದು ತಂಗಿಯನ್ನು ಬಿಟ್ಟ ಮನೆ, ಎರಡು ಲಕ್ಷದ ನಲವತ್ತಮೂರು ಸಾವಿರದ ಏಳುನೂರೈವತ್ತನ್ನು ತಾನೇ ಬಿಟ್ಟುಕೊಟ್ಟಂತೆ. ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಮುಂತಾದ ಬಾಬ್ತುಗಳು ಇದರ ಮೇಲೆ ಸೇರುತ್ತವೆ.

ಇನ್ನು ಅತ್ತೆ ಸೊಸೆಗೆ ಮಾತೇ ಇಲ್ಲದ ಮನೆಗಳ ವಿಚಾರ. ಸೊಸೆ ತವರಿಗೆ ಹೋಗಿ ಅಲ್ಲಿಂದಲೇ ಅರ್ಜಿ ಹಾಕುತ್ತಾಳೆ. ಅರ್ಜಿದಾರರು ವಾಸವಿರುವ ಕಡೆಯ ನ್ಯಾಯಮಂಡಳಿಗೂ ಹೋಗಬಹುದೆಂದು ಕಾಯ್ದೆಯೇ ಹೇಳುತ್ತದೆ. ಅತ್ತೆ ಸಹಿ ಹಾಕಲು ಒಪ್ಪದಿದ್ದರೆ ಅವರನ್ನು ಎದುರುದಾರರನ್ನಾಗಿ ಸೇರಿಸಬೇಕು. ‘ನನ್ನನ್ನೇ ಎದುರುದಾರಳನ್ನಾಗಿ ಮಾಡಿದಳು’ ಎಂದು ಮುದುಕಿಯರು ಕಣ್ಣೀರು ಹಾಕುವುದುಂಟು. ಅದು ಹಗೆಯ ಮಾತಲ್ಲ, ಅವರ ಪಾಲು ತಪ್ಪದಿರಲಿ ಎಂದು ಕಾನೂನು ಮಾಡಿದ ಏರ್ಪಾಟು. ಯಾರೋ ಒಬ್ಬರು ಹಾಕಿದ ಅರ್ಜಿ ಎಲ್ಲ ವಾರಸುದಾರರ ಪರವಾಗಿ ಹಾಕಿದ ಅರ್ಜಿಯೇ.

ಮದುವೆಯಾಗದವರ ಸಾವಿನಲ್ಲಿ ಪ್ರಶ್ನೆ ಸರಳ, ಉತ್ತರ ಮಾತ್ರ ಭಾರ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿದಾಗ ಹೋದವರಲ್ಲಿ ಹಲವರು ಇಪ್ಪತ್ತರ ಆಸುಪಾಸಿನ ಹುಡುಗರು. ಇಂಥ ಸಾವುಗಳಲ್ಲಿ ಅರ್ಜಿ ತಂದೆತಾಯಿಯದು. ದುಡಿಮೆ ಇನ್ನೂ ಶುರುವಾಗಿರದ ವಿದ್ಯಾರ್ಥಿಗೆ ಅವನ ಓದಿನ ಆಧಾರದ ಮೇಲೆ ಒಂದು ಆದಾಯವನ್ನು ಅಂದಾಜು ಮಾಡಿ, ಅದರಲ್ಲಿ ಅರ್ಧ ಕಳೆಯುತ್ತಾರೆ. ಗುಣಕವನ್ನು ತಂದೆತಾಯಿಯ ವಯಸ್ಸಿಗಲ್ಲ, ಮಗನ ವಯಸ್ಸಿಗೇ ಹಾಕಬೇಕು. 15ರಿಂದ 25ರ ವಯಸ್ಸಿನವರಿಗೆ ಅದು 18. ಸರ್ಕಾರ ಘೋಷಿಸುವ ಪರಿಹಾರ ಧನ ಬೇರೆ, ಇದು ಬೇರೆ. ಚೆಕ್ಕು ತೆಗೆದುಕೊಂಡ ಮಾತ್ರಕ್ಕೆ ನ್ಯಾಯಮಂಡಳಿಯ ಬಾಗಿಲು ಮುಚ್ಚುವುದಿಲ್ಲ.

ಬಾಗಿಲು ಮುಚ್ಚುವ ಸಂದರ್ಭವೂ ಒಂದಿದೆ, ಅದರ ಪ್ರಸಿದ್ಧ ಉದಾಹರಣೆ ನಮ್ಮ ಜಿಲ್ಲೆಯದೇ. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಯ ಕಡೆಗೆ ಬರುತ್ತಿದ್ದ ಕಾರೊಂದು ಅತಿವೇಗದಿಂದ ಹತೋಟಿ ತಪ್ಪಿ ಮಗುಚಿತು. ಓಡಿಸುತ್ತಿದ್ದವರೇ ಸತ್ತರು. ಹೆಂಡತಿ, ಮಗ, ತಂದೆತಾಯಿ ಪರಿಹಾರ ಕೇಳಿದರು. ವಾರಸುದಾರರೆಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ ನ್ಯಾಯಮಂಡಳಿ, ಹೈಕೋರ್ಟು, ಕೊನೆಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಮೂರೂ ಇಲ್ಲವೆಂದವು. ತಪ್ಪು ಮಾಡಿದವನೇ ಸತ್ತರೆ ಅವನ ವಾರಸುದಾರರು ಆ ತಪ್ಪಿಗೆ ಬೇರೊಬ್ಬರಿಂದ ಹಣ ಕೇಳಲಾಗದು ಎಂಬುದು ಇಲ್ಲಿನ ತತ್ವ. ಹೆಸರು ಪಟ್ಟಿಯಲ್ಲಿದ್ದರಷ್ಟೇ ಸಾಲದು, ತಪ್ಪು ಇನ್ನೊಬ್ಬರದಾಗಿರಬೇಕು. ಸ್ವಂತ ವಾಹನ ಓಡಿಸುವವರು ವಿಮೆಯಲ್ಲಿ ಮಾಲೀಕ-ಚಾಲಕರಿಗೆಂದೇ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷೆಯನ್ನು ಚಾಲ್ತಿಯಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಕಂಡಕಂಡವರಿಗೆಲ್ಲ ಹೇಳುವುದು ಇದಕ್ಕೇ.

ಈಗ ಅದೇ ಮನೆ, ಬೇರೆ ಸಾವು. ಯಜಮಾನ ತೋಟದಲ್ಲಿ ಮರಗಸಿ ಮಾಡುವಾಗ ಸಿಲ್ವರ್ ಓಕ್ ಮರದಿಂದ ಬಿದ್ದ. ಇದು ಕೆಲಸದ ನಡುವೆ, ಕೆಲಸದ ಕಾರಣದಿಂದ ಆದ ಸಾವು. 1923ರ ನೌಕರರ ಪರಿಹಾರ ಕಾಯ್ದೆಯ ಬಾಗಿಲು. ಈಗ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಮೂಲ ಚೌಕಟ್ಟು ಹಳೆಯದೇ. ಇಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ‘ಅವನು ಕುಡಿದು ಮರ ಹತ್ತಿದ್ದ’ ಎಂಬ ವಾದವೂ ಸಾವಿನ ಪ್ರಕರಣದಲ್ಲಿ ನಡೆಯುವುದಿಲ್ಲ. ಗಾಯವಷ್ಟೇ ಆಗಿದ್ದರೆ ಆ ವಾದಕ್ಕೆ ಎಡೆಯುಂಟು. ತೋಟದ ಬರಾಂದದಲ್ಲಿ ಈ ಮಾತು ಹೇಳಿಸಿಕೊಂಡು ತಲೆ ತಗ್ಗಿಸಿ ವಾಪಸಾದ ಹೆಂಗಸರು ಎಷ್ಟು ಮಂದಿಯೋ.

ಆದರೆ ಈ ಬಾಗಿಲು ಕಿರಿದು. ಇಲ್ಲಿ ‘ವಾರಸುದಾರ’ ಎಂಬ ಅಗಲವಾದ ಮಾತಿಲ್ಲ, ‘ಅವಲಂಬಿತರು’ ಎಂದು ಬರೆದಿಟ್ಟ ಪಟ್ಟಿಯಿದೆ. ಪ್ರಶ್ನೆಯಿಲ್ಲದೆ ಒಳಬರುವವರು ವಿಧವೆ, ಅಪ್ರಾಪ್ತ ಮಗ, ಮದುವೆಯಾಗದ ಮಗಳು, ವಿಧವೆ ತಾಯಿ. ಹದಿನೆಂಟು ದಾಟಿದ ಮಗ ಅಂಗವಿಕಲತೆ ಅಥವಾ ಅಶಕ್ತತೆಯಿಂದ ಪೂರ್ತಿ ತಂದೆಯ ಮೇಲೇ ನಿಂತಿದ್ದರೆ ಮಾತ್ರ ಸೇರುತ್ತಾನೆ. ವಿಧವೆಯಾದ ತಂಗಿ ಅಪ್ರಾಪ್ತಳಾಗಿದ್ದರೆ ಮಾತ್ರ. ನಮ್ಮ ಮನೆಯ ಐವರಲ್ಲಿ ಉಳಿಯುವವರು ಹೆಂಡತಿ ಮತ್ತು ತಾಯಿ, ಇಬ್ಬರೇ. ಪದವಿ ಓದುವ ಮಗ ಹೊರಗೆ, ಅರಕಲಗೂಡಿನ ಮಗಳು ಹೊರಗೆ, ತಂಗಿ ಹೊರಗೆ. ಮೊತ್ತವೂ ಬೇರೆ: ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 48ಕ್ಕೆ ಆ ಅಂಕಿ 159.80. ಅಂದರೆ 7,500ಕ್ಕೆ 11,98,500 ರೂಪಾಯಿ. ತೋಟದ ಪಿಕಪ್ ಮಗುಚಿ ಕೂಲಿಯವರು ಸತ್ತರೆ ಈ ಬಾಗಿಲು, ಎಂವಿಸಿ ಬಾಗಿಲು ಎರಡೂ ತೆರೆದಿರುತ್ತವೆ. ಯಾವುದಾದರೂ ಒಂದನ್ನೇ ಆರಿಸಿಕೊಳ್ಳಬೇಕು, ಎರಡೂ ಸಲ್ಲದು. ಚಾಲಕನ ತಪ್ಪಿಗೆ ಒಳ್ಳೆಯ ಸಾಕ್ಷಿಯಿದ್ದರೆ ಎಂವಿಸಿ, ಇಲ್ಲದಿದ್ದರೆ ಇದು ಎಂಬುದು ನನ್ನ ವಾಡಿಕೆ.

ಇನ್ನೊಂದು ಮಾತು. ಮಾಲೀಕ ಮನೆಗೆ ಬಂದು ನೋಟಿನ ಕಂತೆ ಕೊಟ್ಟು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕಾನೂನಿನ ಕಣ್ಣಿಗೆ ಅದು ಪರಿಹಾರ ಕೊಟ್ಟಂತಲ್ಲ. ಮೂರು ತಿಂಗಳ ಸಂಬಳದವರೆಗಿನ ಮುಂಗಡ ಬಿಟ್ಟರೆ, ಸಾವಿನ ಪರಿಹಾರವನ್ನು ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರದ (ಹಳೆಯ ಕಾಯ್ದೆಯ ‘ಆಯುಕ್ತರ’) ಬಳಿಯೇ ಠೇವಣಿ ಇಡಬೇಕು. ಯಾರಿಗೆ ಎಷ್ಟು ಎಂದು ಹಂಚುವವರು ಅವರು.

ಮೂರನೆಯ ಸಾವು ವಿದ್ಯುತ್ತಿನದು. ಮೆಣಸು ಬಿಡಿಸಲು ಒಯ್ದ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲುವುದು, ಮಳೆಗಾಲದಲ್ಲಿ ಹರಿದುಬಿದ್ದ ತಂತಿಯನ್ನು ತುಳಿಯುವುದು ಮಲೆನಾಡಿಗೆ ಹೊಸದಲ್ಲ. ಹಾಸನ ಚೆಸ್ಕಾಂ ವ್ಯಾಪ್ತಿಗೆ, ಚಿಕ್ಕಮಗಳೂರು ಮೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಬಿದ್ದ ತಂತಿಯಿಂದ ಸಾವಾದರೆ, ಅಪಾಯಕಾರಿ ವಸ್ತುವನ್ನು ಸಾಗಿಸುವ ಸಂಸ್ಥೆ ತನ್ನ ಉದಾಸೀನ ಇರಲಿಲ್ಲವೆಂದು ಹೇಳಿ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಸಿವಿಲ್ ದಾವೆಗೆ ಆಧಾರ 1855ರ ಮಾರಕ ಅಪಘಾತಗಳ ಕಾಯ್ದೆ. ವರ್ಷ ತಪ್ಪಾಗಿ ಅಚ್ಚಾಗಿಲ್ಲ. ಸಿಪಾಯಿ ದಂಗೆಗಿಂತ ಎರಡು ವರ್ಷ ಹಳೆಯದು.

ಅದರ ಹಿಂದೆ ಒಂದು ವಿಚಿತ್ರ ಇತಿಹಾಸವಿದೆ. ಇಂಗ್ಲೆಂಡಿನ ಹಳೆಯ ನ್ಯಾಯದಲ್ಲಿ, ಗಾಯಗೊಂಡವನು ದಾವೆ ಹೂಡಬಹುದಿತ್ತು. ಸತ್ತರೆ ದಾವೆಯೂ ಅವನ ಜೊತೆ ಸಾಯುತ್ತಿತ್ತು. ಕೈ ಮುರಿದವನಿಗಿಂತ ಕೊಂದವನಿಗೇ ಖರ್ಚು ಕಡಿಮೆ! ರೈಲುಗಳು ಬಂದು ಸಾವುಗಳು ಹೆಚ್ಚಿದ ಮೇಲೆ 1846ರಲ್ಲಿ ಅಲ್ಲಿ ಕಾನೂನು ಬದಲಾಯಿತು, ಒಂಬತ್ತು ವರ್ಷದ ನಂತರ ಅದರ ಪಡಿಯಚ್ಚು ಇಲ್ಲಿಗೆ ಬಂತು. ಆದ್ದರಿಂದ ಅದರ ಕುಟುಂಬವೂ ಇಂಗ್ಲಿಷ್ ಕುಟುಂಬವೇ: ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು. ಅಜ್ಜ ಅಜ್ಜಿ, ಮೊಮ್ಮಕ್ಕಳು, ಮಲಮಕ್ಕಳು ಸೇರುತ್ತಾರೆ. ಅಣ್ಣತಮ್ಮ, ಅಕ್ಕತಂಗಿ ಎಂಬ ಮಾತೇ ಅಲ್ಲಿಲ್ಲ. ಅರಕಲಗೂಡಿನ ಮಗಳು ಒಳಗೆ, ತಂಗಿ ಮತ್ತೆ ಹೊರಗೆ. ಯಾರ ಪ್ರಯೋಜನಕ್ಕಾಗಿ ದಾವೆ ಎಂಬ ವಿವರವನ್ನು ದಾವಾಪತ್ರದಲ್ಲಿ ಪೂರ್ತಿ ಕೊಡಬೇಕು. ಸಾವಿನ ದಿನದಿಂದ ಎರಡು ವರ್ಷದ ಗಡುವು.

ರೈಲಿನ ವಿಚಾರ ಚುಟುಕಾಗಿ. ಟಿಕೆಟ್ ಪಡೆದ ಪ್ರಯಾಣಿಕ ಹಾಸನ–ಅರಸೀಕೆರೆ ನಡುವೆ ಓಡುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ, ಬೆಂಗಳೂರಿನಲ್ಲಿರುವ ರೈಲ್ವೆ ಹಕ್ಕು ನ್ಯಾಯಮಂಡಳಿಯ ಪೀಠಕ್ಕೆ ಒಂದು ವರ್ಷದೊಳಗೆ ಅರ್ಜಿ. ಮೊತ್ತ 8 ಲಕ್ಷ ರೂಪಾಯಿ. ಹೆಂಡತಿ, ಮಗ, ಮಗಳು ನೇರವಾಗಿ ಬರುತ್ತಾರೆ, ಮಗಳ ಮದುವೆಯ ಮಾತೇ ಇಲ್ಲ. ತಾಯಿ, ವಿಧವೆ ತಂಗಿ ಅವನನ್ನು ನಂಬಿದ್ದರೆಂದು ತೋರಿಸಿ ಬರಬಹುದು. ಮರದಿಂದ ಬಿದ್ದವನ ಪಟ್ಟಿಗಿಂತ ರೈಲಿನ ಪಟ್ಟಿ ತಂಗಿಗೆ ಉದಾರ! ಹಣ ಕೊಟ್ಟು ಪಡೆದ ಚಿಕಿತ್ಸೆಯ ಲೋಪದಿಂದ ಸಾವಾದರೆ ವಾರಸುದಾರರು ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ 2 ಲಕ್ಷ ರೂಪಾಯಿಯ ಯೋಜನೆಯಿದೆ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಆನೆ ದಾಳಿಯ ಸಾವಿಗೆ ಅರಣ್ಯ ಇಲಾಖೆ ಕೊಡುವುದು ಸರ್ಕಾರ ಗೊತ್ತುಮಾಡಿದ ಪರಿಹಾರ ಧನ. ಅದು ದಾವೆಯ ಹಣವಲ್ಲ.

ಗಡುವಿನ ಬಗ್ಗೆ ರಸ್ತೆ ಅಪಘಾತದವರು ಎಚ್ಚರ ವಹಿಸಬೇಕು. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂದಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆಗೊಳಗಾಗಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಆಗಿದೆ. ಮಧ್ಯಂತರ ಆದೇಶವನ್ನು ನಂಬಿ ಕಾಲ ಕಳೆಯುವುದು ನನಗಂತೂ ಒಪ್ಪಿಗೆಯಿಲ್ಲ. ಅಪಘಾತದಲ್ಲಿ ಗಾಯಗೊಂಡು ಕೇಸು ಹಾಕಿದವರು ನಡುವೆ ಬೇರೆ ಕಾಯಿಲೆಯಿಂದ ತೀರಿಕೊಂಡರೂ ಆ ಹಕ್ಕು ಈಗ ವಾರಸುದಾರರಿಗೆ ಉಳಿಯುತ್ತದೆ. ಮರುಮದುವೆಯಾದಳೆಂಬ ಒಂದೇ ಕಾರಣಕ್ಕೆ ವಿಧವೆಯ ಹಕ್ಕು ಹೋಗುವುದಿಲ್ಲ.

ಆಸ್ಪತ್ರೆಯ ಶವಾಗಾರದ ಬಾಗಿಲಲ್ಲೇ ‘ಬಂದ ಹಣದಲ್ಲಿ ಇಷ್ಟು ಪರ್ಸೆಂಟ್’ ಎಂದು ಮಾತಾಡಿಸಲು ಬರುವವರಿದ್ದಾರೆ. ವಕೀಲರು ಹಾಗೆ ಪಾಲಿನ ಲೆಕ್ಕದಲ್ಲಿ ಶುಲ್ಕ ಗೊತ್ತುಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ, ಸಹಾಯವಾಣಿ 15100.

ಬರುವಾಗ ತರಬೇಕಾದ ಕಾಗದಗಳಲ್ಲಿ ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆಯ ವರದಿ ಹೇಗೋ ಸಿಗುತ್ತವೆ. ತಕರಾರು ಹುಟ್ಟುವುದು ನಾಡಕಚೇರಿಯಿಂದ ಬರುವ ವಂಶವೃಕ್ಷದಲ್ಲಿ. ಗಂಡುಮಕ್ಕಳ ಹೆಸರಷ್ಟೇ ಬರೆಸಿಕೊಂಡು, ‘ಹೆಣ್ಣುಮಕ್ಕಳಿಗೆ ಕೊಟ್ಟು ಕಳಿಸಿಯಾಗಿದೆಯಲ್ಲ ಸಾರ್’ ಎನ್ನುತ್ತಾರೆ. ಹೆಸರು ಸೇರಿಸಿ ತನ್ನಿ ಎಂದು ನಾನು ಹಿಂದಕ್ಕೆ ಕಳಿಸುತ್ತೇನೆ. ಗೊಣಗುತ್ತಾ ಹೋದವರು ಒಂದು ವಾರ ಬಿಟ್ಟು ಬರುತ್ತಾರೆ. ಈ ಸಲ ಜೊತೆಯಲ್ಲಿ ಅರಕಲಗೂಡಿನ ಮಗಳೂ ಇರುತ್ತಾಳೆ, ತವರಿನಲ್ಲಿರುವ ತಂಗಿಯೂ ಇರುತ್ತಾಳೆ. ಇರುವ ನಾಲ್ಕು ಕುರ್ಚಿ ಸಾಲದೆ ಪಕ್ಕದ ಕಚೇರಿಯಿಂದ ಎರಡು ತರಿಸಬೇಕಾಗುತ್ತದೆ.